ಹೊಸ ಕಡಲನೀರಿನ ಅಕ್ವೇರಿಯಂ: ನೀರು ಬದಲಿಸುವುದು ಯಾವಾಗ, ಎಷ್ಟು?

ಗಾಜಿನ ತೊಟ್ಟಿ ಹೊಸದು. ನೀರು ತಿಳಿಯಾಗಿದೆ. ಪಂಪು ಸರಿಯಾಗಿ ಓಡುತ್ತಿದೆ, ಉಪ್ಪಿನ ಪ್ರಮಾಣವೂ ಅಳತೆಗೆ ಸರಿಯಾಗಿದೆ. ಆದರೂ ಆಸೆಪಟ್ಟು ತಂದು ಬಿಟ್ಟ ಮೀನು ನಾಲ್ಕನೆಯ ದಿನ ಮೇಲ್ಮೈಗೆ ಬಂದು ಏದುಸಿರು ಬಿಡುತ್ತದೆ. ವಾರ ತುಂಬುವ ಮೊದಲೇ ತಳದಲ್ಲಿ ಸತ್ತು ಬಿದ್ದಿರುತ್ತದೆ. ಕಡಲನೀರಿನ ಅಕ್ವೇರಿಯಂ ಸಾಕಲು ಹೊರಟ ಅನೇಕರ ಮೊದಲ ಅನುಭವ ಇದು. ಕಾರಣ ಕಣ್ಣಿಗೆ ಕಾಣುವಂಥದ್ದಲ್ಲವಾದ್ದರಿಂದ ಕೆಲವರು ಮೀನು ಮಾರಿದವರನ್ನು ದೂರುತ್ತಾರೆ, ಕೆಲವರು ತಮ್ಮ ಅದೃಷ್ಟವನ್ನು ಹಳಿಯುತ್ತಾರೆ. ನಿಜವಾದ ಕಾರಣವೆಂದರೆ, ಆ ತೊಟ್ಟಿ ಇನ್ನೂ ಹದಗೊಂಡಿರಲಿಲ್ಲ.

ತೊಟ್ಟಿಯನ್ನು ಹದಗೊಳಿಸುವ ಈ ಅವಧಿಯನ್ನು ಅಕ್ವೇರಿಯಂ ಹವ್ಯಾಸಿಗಳು 'ಸೈಕ್ಲಿಂಗ್' ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಮೂರರಿಂದ ಆರು ವಾರಗಳು ಬೇಕಾಗುತ್ತವೆ. ಈ ಅವಧಿಯಲ್ಲಿ ನೀರನ್ನು ಬದಲಿಸಬೇಕೇ, ಬೇಡವೇ ಎಂಬುದು ಹೊಸಬರನ್ನು ಹೆಚ್ಚು ಕಾಡುವ ಪ್ರಶ್ನೆ. 'ಮುಟ್ಟಲೇಬೇಡಿ, ಮುಟ್ಟಿದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ' ಎನ್ನುವವರಿದ್ದಾರೆ. 'ದಿನವೂ ಬದಲಿಸಿ' ಎನ್ನುವವರೂ ಇದ್ದಾರೆ. ಎರಡೂ ಪೂರ್ಣ ಸತ್ಯವಲ್ಲ. ತೊಟ್ಟಿಯಲ್ಲಿ ಜೀವಿಗಳಿವೆಯೇ, ಅಮೋನಿಯ ಎಷ್ಟಿದೆ, ಹದಗೊಳ್ಳುವಿಕೆ ಯಾವ ಹಂತದಲ್ಲಿದೆ ಎಂಬ ಮೂರು ಸಂಗತಿಗಳನ್ನು ತಿಳಿದರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಈ ಲೇಖನದಲ್ಲಿ ಆ ವಿಚಾರವನ್ನು ಕ್ರಮವಾಗಿ ವಿವರಿಸಲಾಗಿದೆ.

ತೊಟ್ಟಿಯೊಳಗೆ ನಡೆಯುವುದೇನು?

ಮೀನುಗಳು ತಮ್ಮ ದೇಹದ ಸಾರಜನಕಯುಕ್ತ ತ್ಯಾಜ್ಯವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯ ರೂಪದಲ್ಲಿ ಹೊರಹಾಕುತ್ತವೆ. ತಿನ್ನದೆ ಉಳಿದ ಆಹಾರ ಮತ್ತು ಸತ್ತ ಜೀವಿಗಳು ಕೊಳೆತಾಗಲೂ ಅಮೋನಿಯ ಉಂಟಾಗುತ್ತದೆ. ಸಮುದ್ರದಲ್ಲಿ ಅದು ಅಪಾರ ಜಲರಾಶಿಯಲ್ಲಿ ಲೀನವಾಗುತ್ತದೆ. ನೂರು ಲೀಟರ್ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ.

ಇಲ್ಲಿ ನೆರವಿಗೆ ಬರುವುದು ಸೂಕ್ಷ್ಮಜೀವಿಗಳು. ಒಂದು ಗುಂಪಿನ ಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತದೆ. ನೈಟ್ರೇಟ್ ಮೊದಲಿನ ಎರಡರಷ್ಟು ವಿಷಕಾರಿಯಲ್ಲ. ಅದನ್ನು ನಿಯಮಿತವಾಗಿ ನೀರು ಬದಲಿಸುವ ಮೂಲಕ ಹತೋಟಿಯಲ್ಲಿಡಬಹುದು. ಈ ಎರಡೂ ಗುಂಪುಗಳು ಸಾಕಷ್ಟು ಸಂಖ್ಯೆಯಲ್ಲಿ ನೆಲೆಯೂರಿದಾಗ ತೊಟ್ಟಿ ಹದಗೊಂಡಿತೆಂದು ಅರ್ಥ.

ನೈಟ್ರೀಕರಣ ಎಂಬ ಈ ಕ್ರಿಯೆಯನ್ನು ನಡೆಸುವ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಪ್ರತ್ಯೇಕಿಸಿ ತೋರಿಸಿದವನು ರಷ್ಯದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ. ಆ ಬಳಿಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಅಮೋನಿಯವನ್ನು ಪರಿವರ್ತಿಸುವ ಕೆಲಸ ಬ್ಯಾಕ್ಟೀರಿಯಾಗಳದ್ದು ಮಾತ್ರ ಎಂದು ನಂಬಲಾಗಿತ್ತು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಷ್ಣವಲಯದ ಕಡಲನೀರಿನ ತೊಟ್ಟಿಯೊಂದರಿಂದ ಇದೇ ಕೆಲಸ ಮಾಡುವ, ಆರ್ಕಿಯಾ ಎಂಬ ಬೇರೆಯೇ ವರ್ಗಕ್ಕೆ ಸೇರಿದ ಸೂಕ್ಷ್ಮಜೀವಿಯನ್ನು ಸಂಶೋಧಕರು ಬೇರ್ಪಡಿಸಿದರು. ಅದಕ್ಕೆ ನೈಟ್ರೋಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂದು ಹೆಸರಿಡಲಾಯಿತು. ಸಾಗರಗಳಲ್ಲಿ ಸಾರಜನಕದ ಚಲನೆಯನ್ನು ಕುರಿತ ತಿಳಿವಳಿಕೆಗೇ ಹೊಸ ತಿರುವು ನೀಡಿದ ಜೀವಿ ಅಕ್ವೇರಿಯಂ ತೊಟ್ಟಿಯೊಂದರ ತಳದ ಜಲ್ಲಿಯಲ್ಲಿ ದೊರೆತದ್ದು ಗಮನಾರ್ಹ.

ಈ ಜೀವಿಗಳ ಸ್ವಭಾವದಲ್ಲಿ ಎರಡು ಅಂಶಗಳು ನಮಗೆ ಮುಖ್ಯ. ಮೊದಲನೆಯದು, ಇವು ನಿಧಾನವಾಗಿ ಬೆಳೆಯುತ್ತವೆ. ಅನುಕೂಲಕರ ಸ್ಥಿತಿಯಲ್ಲಿ ಅನೇಕ ಸಾಮಾನ್ಯ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ದ್ವಿಗುಣಗೊಂಡರೆ, ಇವುಗಳಿಗೆ ಅರ್ಧ ದಿನದಿಂದ ಒಂದು ದಿನಕ್ಕೂ ಹೆಚ್ಚು ಕಾಲ ಬೇಕು. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಮೊಸರಾಗುವ ವೇಗವನ್ನು ಇವುಗಳಿಂದ ನಿರೀಕ್ಷಿಸುವಂತಿಲ್ಲ. ಎರಡನೆಯದು, ಇವು ಬಹುಮಟ್ಟಿಗೆ ನೀರಿನಲ್ಲಿ ತೇಲುತ್ತಿರುವುದಿಲ್ಲ. ಕಲ್ಲು, ಮರಳು, ಫಿಲ್ಟರಿನ ಸ್ಪಂಜು, ಗಾಜಿನ ಗೋಡೆ ಹೀಗೆ ಗಟ್ಟಿ ಮೇಲ್ಮೈಗಳಿಗೆ ತೆಳುವಾದ ಲೋಳೆಪದರವಾಗಿ ಅಂಟಿಕೊಂಡಿರುತ್ತವೆ.

ನೀರು ಬದಲಿಸಿದರೆ ಹದ ಕೆಡುತ್ತದೆಯೇ?

ಮೇಲಿನ ಎರಡನೆಯ ಅಂಶದಲ್ಲಿಯೇ ಇದಕ್ಕೆ ಉತ್ತರವಿದೆ. ಸೂಕ್ಷ್ಮಜೀವಿಗಳು ಕಲ್ಲು, ಮರಳಿನಲ್ಲಿ ನೆಲೆಸಿರುವುದರಿಂದ ನೀರನ್ನು ಹೊರತೆಗೆದಾಗ ಅವುಗಳಲ್ಲಿ ಅತ್ಯಲ್ಪ ಭಾಗ ಮಾತ್ರ ಹೊರಹೋಗುತ್ತದೆ. ಆದ್ದರಿಂದ ಒಂದು ಬಾರಿ ಅರ್ಧದಷ್ಟು ನೀರು ಬದಲಿಸಿದ ಮಾತ್ರಕ್ಕೆ ಮೂರು ವಾರಗಳ ಶ್ರಮ ವ್ಯರ್ಥವಾಗುವುದಿಲ್ಲ.

ಆದರೆ ಅಮೋನಿಯವೇ ಆ ಜೀವಿಗಳ ಆಹಾರ. ಅಗತ್ಯವಿಲ್ಲದೆ ಪದೇ ಪದೇ ನೀರು ಬದಲಿಸಿದರೆ ಅವುಗಳ ಆಹಾರ ಕಡಿಮೆಯಾಗಿ ಬೆಳವಣಿಗೆ ಮಂದಗತಿಗೆ ಇಳಿಯುತ್ತದೆ. ಹದಗೊಳ್ಳುವ ಅವಧಿ ಕೆಲವು ದಿನ ಮುಂದಕ್ಕೆ ಹೋಗುತ್ತದೆ. ಜೊತೆಗೆ ಉಪ್ಪಿನ ಖರ್ಚೂ ವ್ಯರ್ಥ.

ಹದವನ್ನು ನಿಜವಾಗಿ ಕೆಡಿಸುವ ಕೆಲಸಗಳು ಬೇರೆ. ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆಯುವುದು, ಮರಳನ್ನು ಹೊರತೆಗೆದು ಶುಚಿಗೊಳಿಸುವುದು, ಕಲ್ಲುಗಳನ್ನು ಬಿಸಿಲಿಗೆ ಒಣಗಿಸುವುದು, ಪಂಪನ್ನು ದೀರ್ಘಕಾಲ ನಿಲ್ಲಿಸುವುದು ಇವೆಲ್ಲ ಸೂಕ್ಷ್ಮಜೀವಿಗಳ ನೆಲೆಗೇ ಪೆಟ್ಟು ಕೊಡುತ್ತವೆ. ನೈಟ್ರೀಕರಣಕ್ಕೆ ಆಮ್ಲಜನಕ ಅತ್ಯಗತ್ಯ. ಆದ್ದರಿಂದ ವಿದ್ಯುತ್ ಕಡಿತ ಹೆಚ್ಚಿರುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಚಿಕ್ಕ ಏರ್‌ಪಂಪನ್ನು ಮೊದಲೇ ಇಟ್ಟುಕೊಳ್ಳುವುದು ಲೇಸು.

ಸಂದರ್ಭ 1: ಮೀನಿಲ್ಲದ ತೊಟ್ಟಿ

ಉತ್ತಮವಾದ ಕ್ರಮವೆಂದರೆ ಯಾವ ಜೀವಿಯನ್ನೂ ಬಿಡದೆ ತೊಟ್ಟಿಯನ್ನು ಹದಗೊಳಿಸುವುದು. ಇದಕ್ಕೆ ಅಮೋನಿಯಂ ಕ್ಲೋರೈಡನ್ನು ಅಳತೆ ಮಾಡಿ ಹಾಕಬಹುದು. ನೂರು ಲೀಟರ್ ನೀರಿನಲ್ಲಿ ಅಮೋನಿಯ ಪ್ರಮಾಣ 2 ಪಿಪಿಎಂ ಆಗಲು, ಅಂದರೆ ಲೀಟರಿಗೆ 2 ಮಿಲಿಗ್ರಾಂ ಆಗಲು, ಸುಮಾರು 0.6 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಸಾಕು. ಕರಾವಳಿಯ ಮನೆಗಳಲ್ಲಿ ಸುಲಭವಾಗಿ ದೊರೆಯುವ ಹಸಿ ಸಿಗಡಿಯ ಒಂದು ತುಂಡನ್ನು ಹಾಕಿ ಕೊಳೆಯಲು ಬಿಡುವ ಪದ್ಧತಿಯೂ ಉಂಟು. ಆದರೆ ಇದರಲ್ಲಿ ಅಮೋನಿಯ ಎಷ್ಟು ಏರುವುದೆಂದು ಮೊದಲೇ ಹೇಳಲಾಗದು, ದುರ್ವಾಸನೆಯೂ ಇರುತ್ತದೆ.

ಇಂಥ ತೊಟ್ಟಿಯಲ್ಲಿ ಅಮೋನಿಯ 2ರಿಂದ 4 ಪಿಪಿಎಂ ಒಳಗಿರುವವರೆಗೆ ನೀರು ಬದಲಿಸುವ ಅಗತ್ಯವಿಲ್ಲ. ಸಾಯಬಹುದಾದ ಮೀನೇ ಅಲ್ಲಿಲ್ಲ. ಅಮೋನಿಯ ತನ್ನ ಪಾಡಿಗೆ ತಾನು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತಿರುತ್ತದೆ. ಮಾಲೀಕನು ಮಾಡಬೇಕಾದ ಕೆಲಸ ಎರಡು ದಿನಕ್ಕೊಮ್ಮೆ ಪರೀಕ್ಷಿಸಿ ಬರೆದಿಟ್ಟುಕೊಳ್ಳುವುದು ಮತ್ತು ಕಾಯುವುದು.

ಎರಡನೆಯ ವಾರದಿಂದ ನಾಲ್ಕನೆಯ ವಾರದೊಳಗೆ ಮರಳು ಮತ್ತು ಗಾಜಿನ ಮೇಲೆ ಕಂದು ಬಣ್ಣದ ಪುಡಿಯಂಥ ಪಾಚಿ ಕಾಣಿಸಿಕೊಳ್ಳುವುದು ಸಾಮಾನ್ಯ. ಇದು ಡಯಾಟಮ್ ಜಾತಿಯ ಪಾಚಿ. ಇದನ್ನು ಕಂಡು ಗಾಬರಿಯಿಂದ ನೀರೆಲ್ಲ ಚೆಲ್ಲುವವರಿದ್ದಾರೆ. ಅದರ ಅಗತ್ಯವಿಲ್ಲ, ಬಹುತೇಕ ತೊಟ್ಟಿಗಳಲ್ಲಿ ಇದು ತಾನಾಗಿಯೇ ಕಡಿಮೆಯಾಗುತ್ತದೆ. ಸಿಲಿಕೇಟ್ ಹೆಚ್ಚಿರುವ ನಲ್ಲಿ ನೀರನ್ನು ತಂದು ಸುರಿದರೆ ಪಾಚಿಗೆ ಇನ್ನಷ್ಟು ಆಹಾರ ಕೊಟ್ಟಂತಾಗುತ್ತದೆ.

ಸಂದರ್ಭ 2: ಅಮೋನಿಯ ಮಿತಿಮೀರಿದಾಗ

ಅಳತೆ ತಪ್ಪಿ ಅಮೋನಿಯ ಹೆಚ್ಚು ಬಿದ್ದಾಗ ಅಥವಾ ಸಿಗಡಿ ತುಂಡು ದೊಡ್ಡದಾದಾಗ ಪ್ರಮಾಣ 5 ಪಿಪಿಎಂ ದಾಟಬಹುದು. ಆಹಾರ ಹೆಚ್ಚಾದರೆ ಬೆಳವಣಿಗೆಯೂ ಹೆಚ್ಚುವುದೆಂದು ಭಾವಿಸಬಾರದು. ಅತಿಯಾದ ಅಮೋನಿಯ ನೈಟ್ರೈಟನ್ನು ಪರಿವರ್ತಿಸುವ ಎರಡನೆಯ ಗುಂಪಿನ ಬ್ಯಾಕ್ಟೀರಿಯಾಗಳ ಕೆಲಸಕ್ಕೆ ಅಡ್ಡಿಯಾಗುತ್ತದೆ. ಪರಿಣಾಮವಾಗಿ ನೈಟ್ರೈಟ್ ಏರಿದ್ದು ವಾರಗಟ್ಟಲೆ ಇಳಿಯದೆ ನಿಲ್ಲುತ್ತದೆ.

ಈ ಸಂದರ್ಭದಲ್ಲಿ ನೀರು ಬದಲಿಸಲೇಬೇಕು. ಲೆಕ್ಕ ಸರಳ. 8 ಪಿಪಿಎಂ ಇದ್ದರೆ ಅರ್ಧದಷ್ಟು ನೀರು ಬದಲಿಸಿದಾಗ 4 ಪಿಪಿಎಂ ಆಗುತ್ತದೆ. ಕೊಳೆಯುತ್ತಿರುವ ವಸ್ತುವನ್ನು ಮೊದಲು ಹೊರತೆಗೆಯದೆ ನೀರು ಮಾತ್ರ ಬದಲಿಸಿದರೆ ಮರುದಿನ ಮತ್ತೆ ಅಮೋನಿಯ ಏರುವುದೆಂಬುದನ್ನು ಮರೆಯಬಾರದು.

ಸಂದರ್ಭ 3: ತೊಟ್ಟಿಯಲ್ಲಿ ಈಗಾಗಲೇ ಮೀನಿದ್ದರೆ

'ಗಟ್ಟಿ ಜಾತಿಯ ಮೀನು, ಅಗ್ಗವೂ ಹೌದು, ಮೊದಲು ಇದನ್ನು ಬಿಡಿ' ಎಂದು ಡ್ಯಾಮ್ಸೆಲ್ ಮೀನುಗಳನ್ನು ಹೊಸ ತೊಟ್ಟಿಗೆ ಬಿಡಿಸುವ ರೂಢಿ ಬಹುಕಾಲದಿಂದ ಇದೆ. ಅಮೋನಿಯದಿಂದ ಕಿವಿರು ಸುಟ್ಟುಕೊಂಡು ಬದುಕಿ ಉಳಿಯುವ ಈ ಮೀನುಗಳು ಮುಂದೆ ತೊಟ್ಟಿಗೆ ಬರುವ ಇತರ ಮೀನುಗಳನ್ನು ಅಟ್ಟಾಡಿಸುವ ಸ್ವಭಾವದವು ಎಂಬುದನ್ನು ಆಗ ಯಾರೂ ಹೇಳುವುದಿಲ್ಲ. ಬಾಟಲಿಯಲ್ಲಿ ಅಮೋನಿಯ ದೊರೆಯುವಾಗ ಜೀವವೊಂದನ್ನು ಈ ಕೆಲಸಕ್ಕೆ ಒಡ್ಡುವ ಅಗತ್ಯವಿಲ್ಲ.

ಆದರೆ ತಿಳಿಯದೆ ಮೀನು ತಂದು ಬಿಟ್ಟಾಗಿದ್ದರೆ ಮಾಡುವುದೇನು? ಆಗ 'ಸೈಕ್ಲಿಂಗ್ ಮುಗಿಯುವವರೆಗೆ ಮುಟ್ಟಬೇಡಿ' ಎಂಬ ಸಲಹೆಯನ್ನು ಬದಿಗಿಡಬೇಕು. ಮೀನಿನ ಪ್ರಾಣ ಮೊದಲು, ಹದದ ವೇಗ ಆಮೇಲೆ.

ನೀರಿನಲ್ಲಿರುವ ಒಟ್ಟು ಅಮೋನಿಯ ಎರಡು ರೂಪಗಳಲ್ಲಿರುತ್ತದೆ. ಅಮೋನಿಯಂ ಅಯಾನಿನ ರೂಪ ಅಷ್ಟೇನೂ ಅಪಾಯಕಾರಿಯಲ್ಲ. ಮುಕ್ತ ಅಮೋನಿಯ ಮಾತ್ರ ಕಿವಿರಿನ ಮೂಲಕ ಒಳಸೇರಿ ಕೊಲ್ಲುತ್ತದೆ. ಇವೆರಡರ ಪಾಲು ಪಿಎಚ್ ಮೌಲ್ಯವನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕಡಲನೀರಿನಲ್ಲಿ ಪಿಎಚ್ 8.2 ಇದ್ದಾಗ ಒಟ್ಟು ಅಮೋನಿಯದಲ್ಲಿ ಸುಮಾರು ಶೇ. 6ರಷ್ಟು ಮುಕ್ತ ರೂಪದಲ್ಲಿರುತ್ತದೆ. ಪಿಎಚ್ 7 ಇದ್ದರೆ ಅದು ಶೇ. 0.5ಕ್ಕಿಂತಲೂ ಕಡಿಮೆ. ಸಿಹಿನೀರಿನ ತೊಟ್ಟಿಯಲ್ಲಿ ಪಳಗಿದವರು ಕಡಲನೀರಿಗೆ ಬಂದಾಗ ಎಡವುವುದು ಇಲ್ಲಿಯೇ. ಸಿಹಿನೀರಿನಲ್ಲಿ ತಡೆದುಕೊಳ್ಳಬಹುದಾಗಿದ್ದ ಅದೇ ಪ್ರಮಾಣ ಕಡಲನೀರಿನಲ್ಲಿ ಹತ್ತು ಪಟ್ಟಿಗೂ ಹೆಚ್ಚು ಮಾರಕವಾಗುತ್ತದೆ.

ಆದ್ದರಿಂದ ಮೀನಿರುವ ತೊಟ್ಟಿಯಲ್ಲಿ ಪ್ರತಿದಿನ ಪರೀಕ್ಷೆ ನಡೆಸಿ, ಒಟ್ಟು ಅಮೋನಿಯ 0.25 ಪಿಪಿಎಂ ತಲುಪಿದ ಕೂಡಲೇ ಶೇ. 25ರಿಂದ 50ರಷ್ಟು ನೀರು ಬದಲಿಸಬೇಕು. ಕೆಲವು ದಿನ ಇದನ್ನು ನಿತ್ಯವೂ ಮಾಡಬೇಕಾಗಿ ಬರಬಹುದು. ಆಹಾರವನ್ನು ದಿನಕ್ಕೆ ಒಂದು ಚಿಟಿಕೆಗೆ ಇಳಿಸಬೇಕು. ಸಾಧ್ಯವಾದರೆ ಹದಗೊಂಡ ತೊಟ್ಟಿಯಿರುವ ಪರಿಚಿತರಲ್ಲಿ ಮೀನನ್ನು ತಾತ್ಕಾಲಿಕವಾಗಿ ಬಿಡುವುದು ಎಲ್ಲಕ್ಕಿಂತ ಉತ್ತಮ.

ಇಲ್ಲಿ ಒಂದು ಎಚ್ಚರಿಕೆ. ತೊಟ್ಟಿಯ ಪಿಎಚ್ ಬಹಳ ಕುಸಿದಿದ್ದು, ಹೊಸ ನೀರಿನ ಪಿಎಚ್ 8.2 ಇದ್ದರೆ ನೀರು ಬದಲಿಸಿದ ತಕ್ಷಣ ಉಳಿದ ಅಮೋನಿಯದಲ್ಲಿ ಮುಕ್ತ ರೂಪದ ಪಾಲು ಹೆಚ್ಚುತ್ತದೆ. ಒಟ್ಟು ಪ್ರಮಾಣ ಅರ್ಧಕ್ಕೆ ಇಳಿದರೂ ವಿಷದ ಪ್ರಮಾಣ ಇಳಿಯದೇ ಇರಬಹುದು. ಪಿಎಚ್ 7.6ರ ಆಸುಪಾಸಿಗೆ ಇಳಿದಿರುವ ತೊಟ್ಟಿಯಲ್ಲಿ ಮೊದಲು ಅಮೋನಿಯವನ್ನು ಬಂಧಿಸುವ ದ್ರಾವಣವನ್ನು ಬಾಟಲಿಯ ಮೇಲಿನ ಸೂಚನೆಯಂತೆ ಹಾಕಿ, ಅನಂತರ ನೀರು ಬದಲಿಸುವುದು ಸುರಕ್ಷಿತ.

ನೈಟ್ರೈಟ್ ಬಗ್ಗೆ ಭಯ ಬೇಡ

ಸಿಹಿನೀರಿನ ಮೀನುಗಳಿಗೆ ನೈಟ್ರೈಟ್ ತೀವ್ರ ವಿಷ. ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಂದಿಸುತ್ತದೆ. ಕಡಲನೀರಿನಲ್ಲಿ ಪರಿಸ್ಥಿತಿ ಭಿನ್ನ. ಕಿವಿರಿನಲ್ಲಿ ಕ್ಲೋರೈಡ್ ಒಳಸೇರುವ ದಾರಿಯಲ್ಲಿಯೇ ನೈಟ್ರೈಟ್ ಸಹ ಒಳನುಗ್ಗುತ್ತದೆ. ಕಡಲನೀರಿನ ಒಂದು ಕಿಲೋಗ್ರಾಂನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್ ಇರುವುದರಿಂದ ಆ ಪೈಪೋಟಿಯಲ್ಲಿ ನೈಟ್ರೈಟಿಗೆ ಅವಕಾಶ ಬಹಳ ಕಡಿಮೆ. ಆದ್ದರಿಂದ ನೈಟ್ರೈಟ್ ಏರಿತೆಂಬ ಒಂದೇ ಕಾರಣಕ್ಕೆ ತುರ್ತಾಗಿ ನೀರು ಬದಲಿಸಬೇಕಾಗಿಲ್ಲ. ಅದು ಹದಗೊಳ್ಳುವಿಕೆ ಎಲ್ಲಿಗೆ ಬಂದಿದೆ ಎಂಬುದನ್ನು ತಿಳಿಸುವ ಸೂಚಕವೆಂದು ಭಾವಿಸಿದರೆ ಸಾಕು.

ಇನ್ನೊಂದು ಸಂಗತಿ. ಮನೆಬಳಕೆಯ ಅನೇಕ ನೈಟ್ರೇಟ್ ಪರೀಕ್ಷಾ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿಸಿ ಬಳಿಕ ಬಣ್ಣದಿಂದ ಅಳೆಯುತ್ತವೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ನೈಟ್ರೇಟ್ ಪ್ರಮಾಣ ಇರುವುದಕ್ಕಿಂತ ಬಹಳ ಹೆಚ್ಚಾಗಿ ತೋರುತ್ತದೆ. ಆದ್ದರಿಂದ ನೈಟ್ರೈಟ್ ಸೊನ್ನೆಗೆ ಇಳಿಯುವವರೆಗೆ ನೈಟ್ರೇಟ್ ಫಲಿತಾಂಶವನ್ನು ನಂಬಿ ನೀರು ಬದಲಿಸಲು ಹೊರಡಬಾರದು.

ಹದಗೊಳ್ಳುವಿಕೆ ನಡುವೆ ನಿಂತರೆ

ನೈಟ್ರೀಕರಣ ಕ್ರಿಯೆ ನೀರಿನ ಕ್ಷಾರೀಯತೆಯನ್ನು ಕಬಳಿಸುತ್ತದೆ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗುವಾಗ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಕಳೆದುಹೋಗುತ್ತದೆ. ಹಲವು ಬಾರಿ ಅಮೋನಿಯ ಹಾಕಿದ ತೊಟ್ಟಿಯಲ್ಲಿ ಪಿಎಚ್ ಕ್ರಮೇಣ ಇಳಿದು ಸೂಕ್ಷ್ಮಜೀವಿಗಳ ಕೆಲಸ ಮಂದವಾಗಬಹುದು. ವಾರವಿಡೀ ಅಮೋನಿಯ ಅಥವಾ ನೈಟ್ರೈಟ್ ಒಂದೇ ಮಟ್ಟದಲ್ಲಿ ನಿಂತಿದ್ದರೆ ಪಿಎಚ್ ಹಾಗೂ ಕ್ಷಾರೀಯತೆಯನ್ನು ಪರೀಕ್ಷಿಸಬೇಕು. ಅವು ಕುಸಿದಿದ್ದಲ್ಲಿ ಶೇ. 25ರಿಂದ 30ರಷ್ಟು ನೀರು ಬದಲಿಸಿದರೆ ಕ್ಷಾರೀಯತೆ ಮರುಪೂರಣಗೊಂಡು ಕ್ರಿಯೆ ಮತ್ತೆ ಚುರುಕಾಗುತ್ತದೆ. ಅಂದರೆ, ನೀರು ಬದಲಿಸುವುದೇ ಹದಗೊಳ್ಳುವಿಕೆಗೆ ನೆರವಾಗುವ ಸಂದರ್ಭವೂ ಉಂಟು.

ಕೊನೆಯಲ್ಲಿ ಒಂದು ದೊಡ್ಡ ಬದಲಾವಣೆ

ತೊಟ್ಟಿ ಹದಗೊಂಡಿತೆಂದು ನಿರ್ಧರಿಸಲು ಒಂದು ಸರಳ ಪರೀಕ್ಷೆಯಿದೆ. 2 ಪಿಪಿಎಂನಷ್ಟು ಅಮೋನಿಯ ಹಾಕಿ 24 ಗಂಟೆಗಳ ಬಳಿಕ ಪರೀಕ್ಷಿಸಿದಾಗ ಅಮೋನಿಯ ಹಾಗೂ ನೈಟ್ರೈಟ್ ಎರಡೂ ಸೊನ್ನೆಯಾಗಿರಬೇಕು. ಒಂದು ಸೊನ್ನೆಯಾಗಿ ಇನ್ನೊಂದು ಉಳಿದಿದ್ದರೆ ಮತ್ತಷ್ಟು ದಿನ ಕಾಯಬೇಕು.

ಈ ವೇಳೆಗೆ ಹಾಕಿದ ಅಮೋನಿಯವೆಲ್ಲ ನೈಟ್ರೇಟ್ ರೂಪದಲ್ಲಿ ನೀರಿನಲ್ಲಿ ಸಂಗ್ರಹವಾಗಿರುತ್ತದೆ. 2 ಪಿಪಿಎಂ ಅಮೋನಿಯ ಪೂರ್ತಿಯಾಗಿ ಪರಿವರ್ತನೆಗೊಂಡರೆ ಸುಮಾರು 7 ಪಿಪಿಎಂ ನೈಟ್ರೇಟ್ ಆಗುತ್ತದೆ. ಐದು ಬಾರಿ ಹಾಕಿದ್ದರೆ ಸುಮಾರು 36 ಪಿಪಿಎಂ. ಮೀನು ತರುವ ಮೊದಲು ಇದನ್ನು ಇಳಿಸಲು ಮಾಡುವ ದೊಡ್ಡ ಬದಲಾವಣೆಯೇ ಇಡೀ ಅವಧಿಯ ಅತ್ಯಂತ ಮುಖ್ಯವಾದ ಬದಲಾವಣೆ. 36 ಪಿಪಿಎಂ ಇರುವಲ್ಲಿ ಅರ್ಧ ನೀರು ಬದಲಿಸಿದರೆ 18 ಪಿಪಿಎಂ, ಮುಕ್ಕಾಲು ಭಾಗ ಬದಲಿಸಿದರೆ 9 ಪಿಪಿಎಂ ಉಳಿಯುತ್ತದೆ. ಶೇ. 25ರಂತೆ ಎರಡು ಬಾರಿ ಬದಲಿಸಿದರೆ ಉಳಿಯುವುದು ಸುಮಾರು 20 ಪಿಪಿಎಂ. ಒಟ್ಟು ಬಳಸಿದ ನೀರು ಅಷ್ಟೇ ಆದರೂ ಒಂದೇ ಬಾರಿ ಬದಲಿಸುವುದರಲ್ಲಿ ಲಾಭ ಹೆಚ್ಚು. ಮೀನುಗಳು ಬಂದ ಮೇಲೆ ಇಷ್ಟು ದೊಡ್ಡ ಬದಲಾವಣೆ ಅವುಗಳಿಗೆ ಆಘಾತ ಉಂಟುಮಾಡುವುದರಿಂದ ಖಾಲಿ ತೊಟ್ಟಿಯಲ್ಲಿ ಇದನ್ನು ಮುಗಿಸಿಕೊಳ್ಳುವುದು ಜಾಣತನ.

ಇದಾದ ಒಂದೆರಡು ದಿನಗಳಲ್ಲಿ ಒಂದು ಅಥವಾ ಎರಡು ಚಿಕ್ಕ ಮೀನುಗಳನ್ನು ಬಿಡಬಹುದು. ಒಮ್ಮೆಗೇ ತೊಟ್ಟಿ ತುಂಬಿಸಬಾರದು. ಅಮೋನಿಯ ಹಾಕುವುದನ್ನು ನಿಲ್ಲಿಸಿ ವಾರಗಟ್ಟಲೆ ಖಾಲಿ ಬಿಟ್ಟರೆ ಸೂಕ್ಷ್ಮಜೀವಿಗಳು ಹಸಿದು ಕ್ಷೀಣಿಸುತ್ತವೆ ಎಂಬುದೂ ನೆನಪಿರಲಿ.

ಹೊಸ ನೀರನ್ನು ಸಿದ್ಧಪಡಿಸುವ ಕ್ರಮ

ಕಡಲನೀರಿನ ಲವಣಾಂಶ ಸಾಮಾನ್ಯವಾಗಿ ಕಿಲೋಗ್ರಾಂಗೆ 35 ಗ್ರಾಂ. 25 ಡಿಗ್ರಿ ಉಷ್ಣತೆಯಲ್ಲಿ ಇದರ ಸಾಪೇಕ್ಷ ಸಾಂದ್ರತೆ 1.025ರಿಂದ 1.026. ಐವತ್ತು ಲೀಟರ್ ನೀರು ಬದಲಿಸಲು ಸುಮಾರು 1.8ರಿಂದ 2 ಕಿಲೋಗ್ರಾಂ ಅಕ್ವೇರಿಯಂ ಲವಣ ಬೇಕಾಗುತ್ತದೆ. ಕಲ್ಲು, ಮರಳು ಜಾಗ ಹಿಡಿಯುವುದರಿಂದ ನೂರು ಲೀಟರ್ ತೊಟ್ಟಿಯಲ್ಲಿ ವಾಸ್ತವವಾಗಿ ಇರುವ ನೀರು ಅದಕ್ಕಿಂತ ಕಡಿಮೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಡುಗೆಯ ಪುಡಿಯುಪ್ಪಾಗಲೀ ಕಲ್ಲುಪ್ಪಾಗಲೀ ಇದಕ್ಕೆ ಸಲ್ಲದು. ಸಮುದ್ರದ ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಜೊತೆಗೆ ಕಿಲೋಗ್ರಾಂಗೆ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ, 0.4 ಗ್ರಾಂ ಪೊಟ್ಯಾಸಿಯಂ ಇರುತ್ತವೆ. ಉಪ್ಪಿನ ಗದ್ದೆಯಲ್ಲಿ ನೀರು ಆವಿಯಾಗುವಾಗ ಕ್ಯಾಲ್ಸಿಯಂ ಲವಣಗಳು ಮೊದಲೇ ಬೇರೆಯಾಗಿ ತಳ ಸೇರುತ್ತವೆ, ಮೆಗ್ನೀಸಿಯಂನ ಬಹುಭಾಗ ಕೊನೆಯ ದ್ರವದಲ್ಲಿ ಉಳಿದುಹೋಗುತ್ತದೆ. ಆದ್ದರಿಂದ ಸಮುದ್ರದಿಂದಲೇ ತೆಗೆದ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೂ ಅದು ಸಮುದ್ರದ ನೀರಾಗುವುದಿಲ್ಲ.

ಲವಣ ಬೆರೆಸಲು ಆರ್‌ಒ ನೀರು ಉತ್ತಮ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಖನಿಜ ಬೆರೆಸುವ ಅಥವಾ ಒಳಬರುವ ನೀರನ್ನೇ ಸ್ವಲ್ಪ ಬೆರೆಸುವ ವ್ಯವಸ್ಥೆ ಇರುವುದುಂಟು, ಅದನ್ನು ನೋಡಿಕೊಳ್ಳಬೇಕು. ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಇರುವ ಸಾಧ್ಯತೆ ಇದೆ. ನೈಟ್ರೇಟ್ ಇಳಿಸಲೆಂದು ನೈಟ್ರೇಟ್ ಇರುವ ನೀರನ್ನೇ ಸುರಿದರೆ ಫಲವೇನು? ಪೂರೈಕೆಯ ನಲ್ಲಿ ನೀರನ್ನು ಬಳಸುವುದು ಅನಿವಾರ್ಯವಾದರೆ ಕ್ಲೋರಿನ್ ನಿವಾರಕ ಹಾಕಲೇಬೇಕು.

ನೀರನ್ನು ಶುಭ್ರವಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿ, ಅದರೊಳಗೆ ಪಂಪು ಚಲಾಯಿಸುತ್ತ ಲವಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಲವಣದ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬೇರ್ಪಟ್ಟು ಬಿಳಿಯ ಗಸಿಯಾಗಿ ಕೂರುತ್ತದೆ. ಹೀಗೆ ಬೆರೆಸಿದ ನೀರನ್ನು ಒಂದು ದಿನ ಆಡಲು ಬಿಟ್ಟು, ಲವಣಾಂಶ ಮತ್ತು ಉಷ್ಣತೆ ತೊಟ್ಟಿಯ ನೀರಿಗೆ ಸರಿಹೊಂದಿದ ಮೇಲೆ ಬಳಸಬೇಕು. ಲವಣಾಂಶ ಅಳೆಯಲು ರಿಫ್ರ್ಯಾಕ್ಟೊಮೀಟರ್ ಹೆಚ್ಚು ನಂಬಿಕೆಗೆ ಅರ್ಹ. ಅದನ್ನು 35ರ ಪ್ರಮಾಣಿತ ದ್ರಾವಣದಿಂದ ಆಗಾಗ ಸರಿಪಡಿಸಿಕೊಳ್ಳಬೇಕು.

ಸಮುದ್ರದ ನೀರನ್ನೇ ತರಬಹುದೇ?

ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಇರುವವರು ಸಹಜವಾಗಿ ಕೇಳುವ ಪ್ರಶ್ನೆಯಿದು. ತರಬಹುದು, ಆದರೆ ಜಾಗ ಮತ್ತು ಕಾಲವನ್ನು ನೋಡಿ ತರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾವತಿ, ಸ್ವರ್ಣಾ, ಶರಾವತಿ, ಕಾಳಿ ಮೊದಲಾದ ನದಿಗಳು ತುಂಬಿ ಹರಿಯುವುದರಿಂದ ದಡದ ಸಮೀಪದ ನೀರಿನ ಲವಣಾಂಶ ಕುಸಿದಿರುತ್ತದೆ, ಕೆಸರೂ ಸೇರಿರುತ್ತದೆ. ಅಳಿವೆ ಬಾಗಿಲು, ಬಂದರು, ಮೀನು ಇಳಿಸುವ ಧಕ್ಕೆಗಳ ಬಳಿ ಯಾವ ಕಾಲದಲ್ಲಿಯೂ ನೀರು ಎತ್ತಬಾರದು. ಎಣ್ಣೆ, ಕೊಳಚೆ, ಮೀನಿನ ತ್ಯಾಜ್ಯ ಅಲ್ಲಿ ಸೇರಿರುತ್ತವೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ದೋಣಿಯಲ್ಲಿ ದಡದಿಂದ ದೂರ ಹೋಗಿ ತಂದ ನೀರನ್ನು ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಕೆಲವು ದಿನ ಇಟ್ಟು, ಲವಣಾಂಶ ಹಾಗೂ ಅಮೋನಿಯ ಪರೀಕ್ಷಿಸಿ ಬಳಸುವುದು ಕ್ರಮ.

ಆವಿಯಾದ ನೀರಿಗೆ ಸಿಹಿನೀರು

ನೀರು ಬದಲಿಸುವುದು ಬೇರೆ, ಕಡಿಮೆಯಾದ ನೀರನ್ನು ತುಂಬುವುದು ಬೇರೆ. ನೀರು ಆವಿಯಾಗುತ್ತದೆ, ಲವಣ ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ತಗ್ಗಿದ ಮಟ್ಟಕ್ಕೆ ಉಪ್ಪಿಲ್ಲದ ಆರ್‌ಒ ನೀರನ್ನೇ ಸೇರಿಸಬೇಕು. ಉಪ್ಪುನೀರು ಸೇರಿಸುತ್ತ ಹೋದರೆ ಲವಣಾಂಶ ದಿನೇ ದಿನೇ ಏರುತ್ತದೆ. ಹೀಗೆ ಸಿಹಿನೀರು ತುಂಬಿಸಿದ್ದನ್ನೇ ನೀರು ಬದಲಿಸಿದಂತೆ ಎಂದು ತಿಳಿಯುವುದೂ ತಪ್ಪು. ಅದರಿಂದ ನೈಟ್ರೇಟ್ ಒಂದಿಷ್ಟೂ ಹೊರಹೋಗುವುದಿಲ್ಲ.

ಬದಲಿಸುವಾಗ

ಮೊದಲು ಹೀಟರ್ ಹಾಗೂ ಪಂಪುಗಳ ಸ್ವಿಚ್ ಆರಿಸಿ ಪ್ಲಗ್ ಕಳಚಬೇಕು. ಬಿಸಿಯಾದ ಗಾಜಿನ ಹೀಟರ್ ನೀರಿನಿಂದ ಹೊರಗೆ ಕಂಡರೆ ಒಡೆಯುತ್ತದೆ. ಉಪ್ಪುನೀರು ವಿದ್ಯುತ್ತಿನ ಉತ್ತಮ ವಾಹಕವಾದ್ದರಿಂದ ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟುವುದು ಪ್ರಾಣಾಪಾಯಕ್ಕೆ ದಾರಿ. ಬಳಿಕ ಕೊಳವೆಯಿಂದ ನೀರನ್ನು ಬಕೆಟ್ಟಿಗೆ ಇಳಿಸಿ, ಅಷ್ಟೇ ಪ್ರಮಾಣದ ಹೊಸ ನೀರನ್ನು ನಿಧಾನವಾಗಿ ತುಂಬಬೇಕು. ಮರಳನ್ನು ಕಲಕಬಾರದು. ಕಲ್ಲುಗಳು ಕೆಲವು ನಿಮಿಷ ಗಾಳಿಗೆ ಒಡ್ಡಿಕೊಂಡರೂ ಒದ್ದೆಯಾಗಿರುವವರೆಗೆ ತೊಂದರೆಯಿಲ್ಲ. ಹಳೆಯ ನೀರನ್ನು ಹೂಕುಂಡಕ್ಕೋ ತೋಟಕ್ಕೋ ಸುರಿಯದೆ ಚರಂಡಿಗೆ ಬಿಡಬೇಕು.

ಕಾನೂನಿನ ಅರಿವೂ ಇರಲಿ

ವಿದೇಶಿ ಪುಸ್ತಕಗಳಲ್ಲಿ ತೊಟ್ಟಿಯನ್ನು ಬೇಗ ಹದಗೊಳಿಸಲು ಸಮುದ್ರದ ಹವಳದ ದಿಬ್ಬದಿಂದ ತಂದ 'ಜೀವಂತ ಕಲ್ಲು' ಬಳಸುವಂತೆ ಹೇಳಿರುತ್ತದೆ. ಭಾರತದಲ್ಲಿ ಇದು ಅಪರಾಧವಾಗಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಿಬ್ಬ ಕಟ್ಟುವ ಹವಳಗಳು, ಕಡಲ ಬೀಸಣಿಗೆ, ಕಡಲಕುದುರೆ ಮೊದಲಾದವುಗಳಿಗೆ 2001ರಲ್ಲಿ ರಕ್ಷಣೆ ನೀಡಲಾಯಿತು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಬಳಿಕವೂ ಹವಳಗಳಿಗೆ ರಕ್ಷಣೆ ಮುಂದುವರಿದಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳಕ್ಕೂ ಇದು ಅನ್ವಯಿಸುತ್ತದೆ. ಅಲ್ಲಿಂದ ಕಲ್ಲೊಂದನ್ನು ನೆನಪಿಗೆಂದು ಎತ್ತಿ ತರುವಂತಿಲ್ಲ. ಸೆರಾಮಿಕ್ ಕಲ್ಲು, ಹದಗೊಂಡ ತೊಟ್ಟಿಯಿಂದ ತಂದ ಒಂದು ಹಿಡಿ ಮರಳು ಅಥವಾ ಬಾಟಲಿಯಲ್ಲಿ ದೊರೆಯುವ ಬ್ಯಾಕ್ಟೀರಿಯಾ ಇವೇ ಅದರ ಕೆಲಸವನ್ನು ಮಾಡಬಲ್ಲವು.

ಮೀನಿನ ಆಯ್ಕೆಯಲ್ಲಿಯೂ ಇದೇ ವಿವೇಕ ಬೇಕು. 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೀಮೊ' ಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತವಾದ ಕ್ಲೌನ್ ಮೀನನ್ನು ಮರಿಕೇಂದ್ರಗಳಲ್ಲಿ ಬೆಳೆಸುವ ತಂತ್ರಜ್ಞಾನವನ್ನು ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದೆ. ಸಮುದ್ರದಿಂದ ಹಿಡಿದ ಮೀನಿಗಿಂತ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಮೀನು ತೊಟ್ಟಿಯ ಬದುಕಿಗೆ ಸುಲಭವಾಗಿ ಒಗ್ಗುತ್ತದೆ.

ನೆನಪಿಡಬೇಕಾದ ಅಂಶಗಳು

* ಮೀನಿಲ್ಲದ ತೊಟ್ಟಿ, ಅಮೋನಿಯ 4 ಪಿಪಿಎಂ ಒಳಗೆ: ನೀರು ಬದಲಿಸಬೇಕಾಗಿಲ್ಲ.
* ಅಮೋನಿಯ 5 ಪಿಪಿಎಂ ಮೀರಿದರೆ: ಕೊಳೆತದ್ದನ್ನು ತೆಗೆದು ಅರ್ಧ ನೀರು ಬದಲಿಸಿ.
* ಮೀನಿರುವ ತೊಟ್ಟಿ, ಅಮೋನಿಯ 0.25 ಪಿಪಿಎಂ: ತಡಮಾಡದೆ ಶೇ. 25ರಿಂದ 50ರಷ್ಟು ಬದಲಿಸಿ. ಪಿಎಚ್ ಕುಸಿದಿದ್ದರೆ ಮೊದಲು ಅಮೋನಿಯ ಬಂಧಕ ಬಳಸಿ.
* ನೈಟ್ರೈಟ್ ಮಾತ್ರ ಏರಿದ್ದರೆ: ಕಾಯಿರಿ.
* ಪಿಎಚ್, ಕ್ಷಾರೀಯತೆ ಕುಸಿದು ಕ್ರಿಯೆ ನಿಂತಿದ್ದರೆ: ಶೇ. 25ರಿಂದ 30ರಷ್ಟು ಬದಲಿಸಿ.
* ಹದಗೊಂಡ ಮೇಲೆ, ಮೀನು ತರುವ ಮುನ್ನ: ಅರ್ಧದಿಂದ ಮುಕ್ಕಾಲು ಭಾಗ ಬದಲಿಸಿ.
* ಬಳಿಕ: ವಾರಕ್ಕೆ ಶೇ. 10 ಅಥವಾ ಹದಿನೈದು ದಿನಕ್ಕೆ ಶೇ. 20.

ಪರೀಕ್ಷಾ ಕಿಟ್ ಇಲ್ಲದೆ ಇವುಗಳಲ್ಲಿ ಯಾವುದನ್ನೂ ನಿರ್ಧರಿಸಲಾಗದು. ಮೊದಲ ಮೀನಿಗೆ ಹಣ ತೆರುವ ಮುನ್ನ ಅಮೋನಿಯ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ಪರೀಕ್ಷಾ ಕಿಟ್‌ಗಳನ್ನು ಕೊಳ್ಳುವುದು ಒಳಿತು. ತಿಳಿಯಾದ ನೀರೆಲ್ಲ ಬದುಕಲು ಯೋಗ್ಯವಾದ ನೀರಲ್ಲ. ಆರು ವಾರ ಖಾಲಿ ತೊಟ್ಟಿಯನ್ನು ನೋಡುತ್ತ ಕೂರುವ ತಾಳ್ಮೆಯಿದ್ದವರ ಮನೆಯಲ್ಲಿ ಮೀನು ವರ್ಷಗಟ್ಟಲೆ ಬಾಳುತ್ತದೆ.